ಮಡಿಕೆಯಜ್ಜಿ ದ್ವೀಪ ಹತ್ತಿದ್ದು

ಮಡಿಕೆಯಜ್ಜಿಗೆ ಆ ಬೆಳಗ್ಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಅಂಗಡಿಯ ಕಿಟಕಿಗೂ ಬಾಗಿಲಿಗೂ ಓಡಾಡಿ ಓಡಾಡಿ, ಇಸ್ತ್ರಿ ಮೇಜಿನ ಮುಂದೆ ಕೂತಿದ್ದ ತಾತನಿಗೆ ತಲೆ ಸುತ್ತು ಬರಿಸಿದ್ದಳು. ಕಿಟಕಿಯಾಚೆ, ಬಂದರಿನ ನೀರು ದಾಟಿ, ದ್ವೀಪ ಎಂದಿನಂತೆ ನೀಲಿಯಾಗಿ ಕೂತಿತ್ತು. ಮದುವೆಯಾಗಿ ಈ ಅಂಗಡಿಗೆ ಬಂದ ದಿನದಿಂದ ಅಜ್ಜಿ ಮಿಷನ್ ತುಳಿಯುತ್ತ ಅದನ್ನು ನೋಡಿದ್ದಾಳೆ, ಒಂದು ಸಲವೂ ಹೋಗಿಲ್ಲ. ಮೊದಲು ಕೆಲಸ ಜಾಸ್ತಿ, ಆಮೇಲೆ ಮಗಳು ಚಿಕ್ಕವಳು, ಆಮೇಲೆ ಹಕ್ಕಿಗಳಿಗೆ ತೊಂದರೆ ಎಂದು ದ್ವೀಪಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ‘ಮುಂದಿನ ವರ್ಷ ಹೋಗೋಣ’ ಎಂದು ಗಂಡ ಹೆಂಡತಿ ಹೇಳಿಕೊಂಡು ಹೇಳಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡರು. ಈಗ ಮಕ್ಕಳು ಮುದುಕರೆಲ್ಲ ನಡೆಯುವ ಹಾಗೆ ತುದಿಯವರೆಗೂ ಹಲಗೆ ದಾರಿ ಹಾಕಿ, ಮನೆಮಂದಿಯೆಲ್ಲ ಬನ್ನಿ ಎಂದು ದ್ವೀಪ ಕಾಯುವವರೇ ಕರೆದಿದ್ದರು. ಅಷ್ಟರಲ್ಲಿ ತಾತನ ಮಂಡಿ ಕೈಕೊಟ್ಟಿತ್ತು. ದೋಣಿಯ ಏಣಿ ಹತ್ತಿ ಇಳಿಯುವುದು ಅವನಿಂದ ಆಗದ ಮಾತು.

“ಹಾಗಾದ್ರೆ ನಾನೂ ಹೋಗಲ್ಲ ಬಿಡಿ,” ಎಂದಿದ್ದಳು ಅಜ್ಜಿ.

“ಸುಮ್ನೆ ಹೋಗಿ ಬಾರೇ. ಹಕ್ಕಿ ಮೊಟ್ಟೆ ಇಡೋ ಕಾಲ ಅಂತ ನಾಳೆಯಿಂದ ದಾರಿ ಮುಚ್ತಾರಂತೆ. ಮತ್ತೆ ಮುಂದಿನ ವರ್ಷ ಅಂದ್ರೆ ನಂಗೆ ಕೆಟ್ಟ ಕೋಪ ಬರುತ್ತೆ. ನೀನು ಮೇಲೆ ಹತ್ತಿ ನಿಂತ್ಕೋ. ನಡುಮಧ್ಯಾಹ್ನಕ್ಕೆ ನಾನು ಈ ಕಿಟಕೀಲಿ ಕೆಂಪು ಬಟ್ಟೆ ಬೀಸ್ತೀನಿ. ಅದನ್ನ ನೀನು ನೋಡಿದ್ರೆ ಇಬ್ಬರೂ ಹೋದ ಹಾಗೇ ಲೆಕ್ಕ.”

“ಊಟ ಆದ ಕೂಡ್ಲೇ ಗೊರಕೆ ಹೊಡೆಯೋರು ನೀವು!”

“ಅದಕ್ಕೇ ಹೇಳ್ತಿರೋದು, ತಡ ಮಾಡಬೇಡ ಅಂತ.”

ತಡ ಮಾಡುವ ಮಾತೇ ಇರಲಿಲ್ಲ. ಬಸ್ಸು ಓಡಿಸುವ ಅಳಿಯ ಮನೆಯವರನ್ನೂ ಪ್ರಯಾಣಿಕರ ಹಾಗೇ ಗದರಿಸಿ ಹೊರಡಿಸಿದ್ದ. ಅವನ ಕುತ್ತಿಗೆಯಲ್ಲಿ ದುರ್ಬೀನು, ಮಗಳ ಬೆನ್ನಿಗೆ ಬುತ್ತಿ ಚೀಲ. ನಿಂತಲ್ಲಿ ನಿಲ್ಲದ ಮೊಮ್ಮಗಳು ಬುಗುರಿ, ಚೋಟುದ್ದದ ಮೊಮ್ಮಗ ಚೋಟು. ಎಲ್ಲರ ಮೈಮೇಲೂ ಅಜ್ಜಿ ಈ ಪ್ರಯಾಣಕ್ಕೆಂದೇ ಹೊಲಿದ ಹೊಸ ಪ್ಯಾಂಟು. ಪ್ಯಾಂಟು ಎಂದ ಮೇಲೆ ಮಡಿಕೆ ಇರಲೇಬೇಕು. ಬಟ್ಟೆಯನ್ನು ಅಳತೆಗೆ ಸರಿಯಾಗಿ ಕತ್ತರಿಸುವುದು ಅಜ್ಜಿಯ ಜಾತಕದಲ್ಲೇ ಇಲ್ಲ. ಮಕ್ಕಳು ಬೆಳೆಯುತ್ತಾರೆ, ಮುಂದೆ ಬೇಕಾಗುತ್ತದೆ ಎಂದು ಕಾಲಿನ ತುದಿಯಲ್ಲಿ ನಾಲ್ಕು ಬೆರಳು ಬಟ್ಟೆ ಬಿಟ್ಟು, ಹೊರಕ್ಕೆ ಎರಡು ಸುತ್ತು ಮಡಿಸಿ, ಅಲ್ಲಲ್ಲಿ ಹೊಲಿಗೆ ಹಾಕಿಬಿಡುವಳು. ಮಡಿಕೆಯಜ್ಜಿ ಎಂಬ ಹೆಸರು ಬಂದದ್ದು ಹಾಗೆ. ತನ್ನ ಪ್ಯಾಂಟಿಗೂ ನಾಲ್ಕು ಬೆರಳು ಮಡಿಕೆ ಇಟ್ಟುಕೊಂಡದ್ದನ್ನು ಕಂಡು ತಾತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಅಲ್ವೇ, ಈ ವಯಸ್ಸಲ್ಲಿ ನೀನೆಷ್ಟು ಬೆಳೀಬೇಕು ಅಂತಿದ್ದೀಯ?”

ದೋಣಿಕಟ್ಟೆಯ ಪಕ್ಕದಲ್ಲಿ ಒಣಹುಲ್ಲಿನ ಬಯಲು. ದೋಣಿ ಬರುವವರೆಗೆ ಮಕ್ಕಳು ಅಲ್ಲಿ ಉರುಳಾಡಿದರು. ಅವರನ್ನು ಹಿಡಿಯಲು ಅಪ್ಪ ಅಮ್ಮ ಓಡಿದರು. ಖುಷಿ ತಡೆಯಲಾರದೆ ಅಜ್ಜಿಯೂ ಒಂದು ಸುತ್ತು ಓಡಿದಳು.

ದೋಣಿ ಹತ್ತುವ ಮುಂಚೆ ತಗಡಿನ ಗೂಡಿನಂಥ ಕೋಣೆಯಲ್ಲಿ ಎಲ್ಲರ ತಪಾಸಣೆ. ಬೂಟಿನ ಅಡಿ ಬ್ರಷ್ಷಿನಿಂದ ಉಜ್ಜಬೇಕು, ಜೇಬು ಹೊರಗೆಳೆದು ಕೊಡವಬೇಕು. ದ್ವೀಪದ ಕಾವಲು ಹುಡುಗಿ, ಹಸಿರು ಟೋಪಿಯವಳು, ನಗುನಗುತ್ತಲೇ ಬಗ್ಗಿ ಚೋಟುವಿನ ಮಡಿಕೆಯೊಳಗೆ ಬೆರಳು ಹಾಕಿದಳು. ಬೆರಳು ಆಚೆ ಬಂದಾಗ ಅದರ ತುಂಬ ಹುಲ್ಲಿನ ಬೀಜ. ಬುಗುರಿಯ ಮಡಿಕೆಯಲ್ಲೂ ಬೀಜ. ಅಳಿಯ, ಮಗಳು, ಅಜ್ಜಿ, ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ.

“ಅಯ್ಯೋ ಅಜ್ಜಿ, ಯಾರು ಹೊಲಿದ್ರು ಇದನ್ನ? ಹೊಲ ಬಿತ್ತೋವಷ್ಟು ಬೀಜ ಇದೆಯಲ್ಲ!”

ಅಜ್ಜಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. “ಕೊಡವಿಬಿಡ್ತೀವಮ್ಮ, ಈಗಲೇ,” ಎಂದಳು. ಕೊಡವಿದರು, ಉಜ್ಜಿದರು, ಊದಿದರು. ಮುಳ್ಳು ಬಾಲದ ಬೀಜಗಳು ಸುತ್ತಿನೊಳಗಿನ ಸುತ್ತಿಗೆ ಹೋಗಿ ಕಚ್ಚಿಕೊಂಡಿದ್ದವು. ಕಾವಲು ಹುಡುಗಿ ಆಗದೆಂದು ತಲೆಯಾಡಿಸಿದಳು. ಪಕ್ಕದ ದ್ವೀಪಕ್ಕೆ ಯಾರದೋ ಬೂಟಿನಲ್ಲಿ ಹೋದ ಇದೇ ಹುಲ್ಲು ನೆಲವನ್ನೆಲ್ಲ ಚಾಪೆಯಂತೆ ಮುಚ್ಚಿಬಿಟ್ಟಿತ್ತು. ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುವ ಹಕ್ಕಿಗಳಿಗೆ ತೋಡಲು ಜಾಗವೇ ಇಲ್ಲದೆ, ಈಗ ಅಲ್ಲಿ ಒಂದೂ ಉಳಿದಿಲ್ಲ.

“ಮಡಿಕೆ ಬಿಚ್ಚಿ, ಆ ಬಟ್ಟೇನ ಕತ್ತರಿಸಿ ನನ್ನ ಡಬ್ಬಿಗೆ ಹಾಕಿದ್ರೆ ಬಿಡಬಹುದು. ಮತ್ತೆ ಮಡಚೋ ಹಾಗಿಲ್ಲ. ಈ ದೋಣಿ ನಿಮಗೆ ಸಿಗಲ್ಲ, ಇನ್ನೊಂದಿದೆ. ಅದೇ ಕೊನೇದು.”

ಅಜ್ಜಿಯ ಕೈಚೀಲದಲ್ಲಿ ಕತ್ತರಿ ಇಲ್ಲದ ದಿನವಿಲ್ಲ. ಕಟ್ಟೆಯ ಮೇಲೆ ಕೂತು ಹೊಲಿಗೆ ಬಿಚ್ಚಿದ್ದೇನೋ ಕ್ಷಣದಲ್ಲಿ. ಚೋಟುವಿನ ಪ್ಯಾಂಟು ಉದ್ದಕ್ಕೆ ಇಳಿದು ಅವನ ಪಾದ ಮುಚ್ಚಿತು. ಇನ್ನು ಕತ್ತರಿಸಬೇಕು. ಕತ್ತರಿ ಬಟ್ಟೆಯ ಅಂಚಿಗೆ ಬಂದು ನಿಂತುಬಿಟ್ಟಿತು. ಒಳ್ಳೆಯ ಬಟ್ಟೆ. ಬೆಳೆಯುವ ಹುಡುಗ. ಮುಂದೆ ಬೇಕಾಗುವ ನಾಲ್ಕು ಬೆರಳು. ಕಣ್ಣೆದುರಲ್ಲೇ ಮೊದಲ ದೋಣಿ ಹೊರಟುಹೋಯಿತು.

“ಅಮ್ಮಾ, ಬೇಡ ಅಂದ್ರೆ ಬಿಡು,” ಎಂದಳು ಮಗಳು ಮೆಲ್ಲಗೆ. “ಮುಂದಿನ ವರ್ಷ ಬರೋಣ.”

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಜ್ಜಿಯ ಮೈಯಲ್ಲಿ ಬಿಸಿ ಏರಿತು. ಮುಂದಿನ ವರ್ಷ, ಮುಂದಿನ ವರ್ಷ ಎಂದು ಮಡಚಿ ಮಡಚಿ ಇಟ್ಟದ್ದರಲ್ಲಿ ತಾತನ ಮಂಡಿಯೇ ಹೋಗಿತ್ತು. “ಮುಂದಿನ ವರ್ಷವಂತೆ, ಮುಂದಿನ ವರ್ಷ!” ಎಂದವಳೇ ಕರಕರ ಎಂದು ಕತ್ತರಿಸಿದಳು. ಚೋಟುವಿನದು, ಬುಗುರಿಯದು, ಮಗಳದು, “ಅತ್ತೆ, ಕಾಲು ಜೋಪಾನ” ಎನ್ನುತ್ತಿದ್ದ ಅಳಿಯನದು, ಕಡೆಗೆ ತನ್ನದು. ಅವಸರಕ್ಕೆ ಅಳಿಯನ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದವಾಯಿತು. ಅಂಗಡಿಯಲ್ಲಿ ಹೀಗೇನಾದರೂ ಆಗಿದ್ದರೆ ಅಜ್ಜಿ ಮೂರು ದಿನ ಊಟ ಬಿಡುತ್ತಿದ್ದಳು. ಈಗ ಕಿಲಕಿಲ ನಕ್ಕುಬಿಟ್ಟಳು.

ಕೊನೆಯ ದೋಣಿ ದ್ವೀಪ ಮುಟ್ಟುವಾಗಲೇ ಸೂರ್ಯ ನೆತ್ತಿ ದಾಟಿದ್ದ. ತಾತನ ಮೊಬೈಲಿಗೆ ಕರೆ ಮಾಡೋಣವೆಂದರೆ ಅದು ಗುಂಡಿಗಳ ಡಬ್ಬಿಯಲ್ಲಿ ಸತ್ತು ಬಿದ್ದು ಯಾವ ಕಾಲವಾಯಿತೋ. ಅವನ ಊಟ ಆಗಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. “ನಡೀರಿ, ನಡೀರಿ!” ಎಂದು ಅಜ್ಜಿ ಎಲ್ಲರಿಗಿಂತ ಮುಂದೆ ಹೊರಟಳು.

ಹಲಗೆ ದಾರಿ ಮೆತ್ತಗೆ ಏರುತ್ತ ಗುಡ್ಡವನ್ನು ಸುತ್ತಿಕೊಂಡಿತ್ತು. ಕೆಳಗಿನ ನೆಲವೆಲ್ಲ ಬಿಲ, ಕಾಲಿಟ್ಟರೆ ಕುಸಿಯುವ ಮಣ್ಣು. ಒಂದು ತಿರುವಿನಲ್ಲಿ ಬುಗುರಿ ಇದ್ದಕ್ಕಿದ್ದಂತೆ ನಿಂತಳು. ಹುಟ್ಟಿದಾಗಿನಿಂದ ಮೊದಲ ಸಲ, ಅಲುಗಾಡದೆ ನಿಂತಳು. ದಾರಿಯ ಪಕ್ಕದ ಬಿಲದಿಂದ ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಗುಂಡು ಹಕ್ಕಿಯೊಂದು ಕತ್ತು ಹೊರಗೆ ಹಾಕಿ ಇವರ ಬೂಟುಗಳನ್ನು ಒಂದೊಂದಾಗಿ ನೋಡಿತು. ಬೂಟು ಸ್ವಚ್ಛವಾಗಿವೆ ಎಂದು ಒಪ್ಪಿಗೆಯಾಯಿತೇನೋ, ಹೊರಬಂದು ಎರಡು ಹಿಡಿ ಮಣ್ಣನ್ನು ಕಾಲಿನಿಂದ ಹಿಂದಕ್ಕೆ ಎರಚಿ ಮತ್ತೆ ಒಳಗೆ ಹೋಯಿತು. ಎರಚಿದ ಮಣ್ಣೆಲ್ಲ ಅಳಿಯನ ಗಿಡ್ಡ ಕಾಲಿನ ಮೇಲೆ. ಚೋಟು ಬಾಯಿಗೆ ಎರಡೂ ಕೈ ಮುಚ್ಚಿಕೊಂಡು ಕುಣಿದ. ಹಕ್ಕಿಗಳು ಬೆದರುತ್ತವೆಂದು ಕೂಗುವ ಹಾಗಿರಲಿಲ್ಲ, ಅದಕ್ಕೇ ಅವನ ಖುಷಿಯೆಲ್ಲ ಕಾಲಿಗೆ ಇಳಿದಿತ್ತು. ಅಜ್ಜಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಈ ಹಕ್ಕಿಗಳೆಲ್ಲ ಇಲ್ಲೇ, ಅವಳ ಮಿಷನ್ನಿನ ಎದುರಿಗೇ ಸಂಸಾರ ಮಾಡುತ್ತಿದ್ದವು.

ತುದಿ ತಲುಪಿದಾಗ ಗಾಳಿ ಅವರನ್ನು ತಳ್ಳಿಕೊಂಡೇ ಬಂತು. ಸುತ್ತಲೂ ನೀರು. ಆಚೆ ದಡದಲ್ಲಿ ಊರು, ಉಗುರಿನಷ್ಟು. ಅಜ್ಜಿ ಅಳಿಯನ ಕುತ್ತಿಗೆಯಿಂದ ದುರ್ಬೀನು ಕಸಿದಳು, ಅವಸರಕ್ಕೆ ಎತ್ತೆತ್ತಲೋ ತಿರುಗಿಸಿ ಏನೂ ಕಾಣದೆ ಬುಗುರಿಗೆ ಕೊಟ್ಟಳು.

“ನೋಡೇ, ಬಂದರಿನ ಕಂಬ ಇದೆಯಲ್ಲ, ಅದರ ಎಡಕ್ಕೆ...”

“ಸಿಕ್ತು ಅಜ್ಜಿ! ಅಂಗಡಿ ಸಿಕ್ತು! ಕಿಟಕಿ...” ಬುಗುರಿಯ ದನಿ ಇಳಿಯಿತು. “ಕಿಟಕಿ ಖಾಲಿ ಇದೆ ಅಜ್ಜಿ. ಯಾರೂ ಇಲ್ಲ.”

ಅಜ್ಜಿ ಅವಳ ಭುಜ ಹಿಡಿದಳು. “ಸರಿಯಾಗಿ ನೋಡು.” ನೋಡಿದ್ದಾಯಿತು. ಕಿಟಕಿ ಖಾಲಿ. “ಮಲಗಿರ್ತಾರೆ,” ಎಂದಳು ಅಜ್ಜಿ, ನಗಲು ಹೋಗಿ ಆಗದೆ. “ಎಷ್ಟು ಹೊತ್ತು ಅಂತ ಕಾಯ್ತಾರೆ ಪಾಪ. ನಾನೇ ತಡ ಮಾಡಿದೆ.” ಮಗಳು ಬಂದು ಕೈ ಹಿಡಿದುಕೊಂಡಳು. ಇಬ್ಬರೂ ಹೋದ ಹಾಗೆ ಆಗಲಿಲ್ಲ. ಅವಳೊಬ್ಬಳೇ ಬಂದ ಹಾಗಾಯಿತು.

“ಅಲ್ಲೊಂದು ಮಾಳಿಗೆಗೆ ಯಾಕೆ ಅಷ್ಟೊಂದು ಬಣ್ಣ?” ಎಂದ ಚೋಟು.

ಬುಗುರಿ ದುರ್ಬೀನನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿದಳು. “ಅಜ್ಜೀ!” ಎಂದು ಕಿರುಚಲು ಬಾಯಿ ತೆರೆದವಳು ಹಕ್ಕಿಗಳ ನೆನಪಾಗಿ ಅದನ್ನೇ ಪಿಸುಗುಟ್ಟಿದಳು. “ತಾತ ಮಾಳಿಗೆ ಮೇಲಿದ್ದಾರೆ! ಕೆಂಪು ಬಟ್ಟೆ ಬೀಸ್ತಿದ್ದಾರೆ! ಅಜ್ಜಿ, ಹಗ್ಗದ ಮೇಲೆ ಅಂಗಡಿ ಬಟ್ಟೆಯೆಲ್ಲ ಹಾಕಿಬಿಟ್ಟಿದ್ದಾರೆ!”

ದುರ್ಬೀನು ಅಜ್ಜಿಯ ಕೈಗೆ ಬಂತು. ಈ ಸಲ ಸರಿಯಾಗಿ ಕಂಡಿತು. ದೋಣಿಯ ಏಣಿ ಇಳಿಯಲಾರದ ಮನುಷ್ಯ ಮಾಳಿಗೆಯ ಅಷ್ಟೂ ಮೆಟ್ಟಿಲು ಹತ್ತಿದ್ದ. ಕೆಂಪೊಂದೇ ಕಾಣದೆ ಹೋದರೆ ಎಂದು ಗಿರಾಕಿಗಳ ಅಂಗಿ, ಲಂಗ, ಕೋಟು, ಶಾಲೆಯ ಸಮವಸ್ತ್ರ ಎಲ್ಲವನ್ನೂ ಹೊತ್ತು ತಂದು ಸಾಲಾಗಿ ನೇತುಹಾಕಿ, ನಡುವೆ ನಿಂತು, ದಣಿದ ಕೈ ಬದಲಾಯಿಸಿ ಬದಲಾಯಿಸಿ ಬೀಸುತ್ತಿದ್ದ.

“ಇಸ್ತ್ರಿ ಮಾಡಿಟ್ಟ ಬಟ್ಟೆ ಕಣ್ರೀ ಅದು! ನಾಳೆ ಕೊಡಬೇಕು!” ಎಂದು ಅಜ್ಜಿ ಸಮುದ್ರದಾಚೆಗೆ ಪಿಸುದನಿಯಲ್ಲೇ ಬೈದಳು. “ಮಂಡಿಗೆ ಏನಾದ್ರೂ ಆದ್ರೆ ನೋಡ್ಕೊಳ್ಳೋರು ಯಾರು? ಬುದ್ಧಿ ಬೇಡ್ವಾ ನಿಮಗೆ?” ಬೈಯುತ್ತ ಬೈಯುತ್ತ ಅವಳ ಕೆನ್ನೆಯೆಲ್ಲ ಒದ್ದೆಯಾಯಿತು. ಇಷ್ಟು ಸಂತೋಷವನ್ನು ಅವಳು ತನ್ನ ಮದುವೆಯ ದಿನವೂ ಪಟ್ಟಿರಲಿಲ್ಲ.

ಚೋಟು ಅವಳ ಗಿಡ್ಡ ಪ್ಯಾಂಟನ್ನು ಎಳೆದ. “ಅಜ್ಜಿ, ತಾತನಿಗೆ ದುರ್ಬೀನು ಇಲ್ವಲ್ಲ. ನಾವು ಕಾಣ್ತೀವಾ?”

“ಇಲ್ಲ ಕಣೋ. ನಾವು ಬಂದ್ವೋ ಇಲ್ವೋ, ಅದೂ ಗೊತ್ತಿಲ್ಲ ಅವರಿಗೆ.”

ಹಾಗೆನ್ನುತ್ತಲೇ ಅಜ್ಜಿ ದುರ್ಬೀನನ್ನು ಬುಗುರಿಗೆ ಕೊಟ್ಟು, ಹಲಗೆಯ ಅಂಚಿಗೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿ ಬೀಸತೊಡಗಿದಳು.