ಡೆಲ್ಮರ್ ಇದ್ದಾನಲ್ಲ

ಬಿಟರ್ ಕ್ರೀಕ್ ಜನಕ್ಕೆ ಡೆಲ್ಮರ್ ಎಂದರೆ ಪ್ರಾಣ. ಆ ಪ್ರೀತಿಯೇ ಅವನ ಹೆಂಡತಿ ವರ್ನಾಗೆ ನುಂಗಲಾರದ ತುತ್ತಾಗಿತ್ತು.

ಗೋಧಿ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಅಷ್ಟೇ ಊರು. ಅಗ್ನಿಶಾಮಕ ಠಾಣೆಯಲ್ಲಿ ಸಂಬಳದವರು ಒಬ್ಬರೂ ಇಲ್ಲ, ಎಲ್ಲ ಪುಕ್ಕಟೆ ಸೇವೆ. ಬೆಳಗಾದರೆ ಗಟ್ಟಿಮುಟ್ಟಾದವರೆಲ್ಲ ಪಟ್ಟಣದ ಕೆಲಸಕ್ಕೆ ಹೋಗುತ್ತಾರೆ. ಉಳಿಯುವವರು ಎಪ್ಪತ್ತು ದಾಟಿದ ಡೆಲ್ಮರ್ ಮತ್ತು ಅವನ ಹಿಂದೆ ನೀರಿನ ಟ್ಯಾಂಕರ್ ಓಡಿಸುವ ವರ್ನಾ. ಬೆಂಕಿ ಬಿದ್ದರೂ, ಯಾರಾದರೂ ಕುಸಿದು ಬಿದ್ದರೂ ಕರೆ ಬರುವುದು ಅವನ ಸೊಂಟದ ಪೇಜರಿಗೆ. ಅದು ಕಿರುಗುಟ್ಟಿತೋ, ಇಬ್ಬರೂ ದೌಡು.

ಠಾಣೆಯಲ್ಲಿ ಹಗಲೂ ರಾತ್ರಿ ಸಂಬಳದ ಸಿಬ್ಬಂದಿ ಇರಲಿ, ಅದಕ್ಕಾಗಿ ಆಸ್ತಿ ತೆರಿಗೆ ಕೊಂಚ ಏರಲಿ ಎಂದು ಹೋದ ವರ್ಷ ಮತಕ್ಕೆ ಹಾಕಿದಾಗ ಊರು ಬೇಡವೆಂದಿತ್ತು. ಯಾಕೆಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಡೆಲ್ಮರ್ ಇದ್ದಾನಲ್ಲ." ಅಲ್ಲ, ಪ್ರೀತಿಸುವ ರೀತಿಯೇ ಇದು? ಎತ್ತು ಚೆನ್ನಾಗಿ ಎಳೆಯುತ್ತದೆ ಅಂತ ಸಾಯುವ ತನಕ ನೊಗ ಇಳಿಸದಿರುವುದೇ?

ಈ ವರ್ಷ ಮತ್ತೆ ಮತ. ಅದರ ಹಿಂದಿನ ಶನಿವಾರ ವಾಡಿಕೆಯಂತೆ ಠಾಣೆಯಲ್ಲಿ ಊರಿಗೆಲ್ಲ ಪ್ಯಾನ್‌ಕೇಕ್ ತಿಂಡಿ. ಬೆಂಕಿ ಆರಿಸುವ ಲಾರಿಯನ್ನು ಹೊರಗೆ ನಿಲ್ಲಿಸಿ ಅದರ ಜಾಗದಲ್ಲಿ ಮೇಜು ಹಾಕಿದ್ದರು. ಡೆಲ್ಮರ್ ಕಾವಲಿ ಮುಂದೆ ನಿಂತು ಮಗುಚುತ್ತಿದ್ದ, ವರ್ನಾ ಕಾಫಿ ಬಗ್ಗಿಸುತ್ತಿದ್ದಳು.

ದನ ಸಾಕುವ ಹಾಯ್ಟ್ ತಟ್ಟೆ ಚಾಚಿದ. "ಡೆಲ್ಮರ್, ನೀವು ನೂರು ವರ್ಷ ಬಾಳ್ಬೇಕು. ನಮ್ ತೆರಿಗೆ ಉಳೀತದೆ."

ಎಲ್ಲರೂ ನಕ್ಕರು. ಡೆಲ್ಮರ್ ಉಬ್ಬಿಹೋದ. "ಸಂಬಳದೋರು ಬಂದು ನನಗಿಂತ ಏನು ಕಡಿದು ಕಟ್ಟೆ ಹಾಕ್ತಾರೆ ಬಿಡು."

ವರ್ನಾ ಕಾಫಿ ಜಗ್ಗನ್ನು ಮೇಜಿನ ಮೇಲೆ ಕುಕ್ಕಿದಳು.

"ಹಾಯ್ಟ್, ಹೋದ ತಿಂಗಳು ನಿನ್ನ ಹುಲ್ಲಿನ ಕೊಟ್ಟಿಗೆ ಉರೀವಾಗ ಇವನೆಲ್ಲಿದ್ದ ಗೊತ್ತಾ? ಟ್ಯಾಂಕರ್ ಹಿಂದೆ ಎದೆ ಹಿಡ್ಕೊಂಡು ಕೂತಿದ್ದ. ಏನಾಯ್ತೋ ಅಂದ್ರೆ, ಬೂಟಿನ ದಾರ ಕಟ್ತಿದೀನಿ ಅಂದ."

ಗೋಡೆಗುಂಟ ಬೆಂಕಿ ಕೆಲಸದ ಬೂಟುಗಳು ಸಾಲಾಗಿ ನಿಂತಿದ್ದವು. ಕಾಲು ತೂರಿಸಿ ಎಳೆದುಕೊಳ್ಳುವ ಬೂಟು, ಒಂದಕ್ಕೂ ದಾರವಿಲ್ಲ. ಜನ ಅತ್ತ ನೋಡಿದರು. ನಗು ನಿಂತಿತು.

"ನಿಮ್ಮನೆಗೆ ಬೆಂಕಿ ಬಿದ್ರೆ ಡೆಲ್ಮರ್ ಬರ್ತಾನೆ. ಡೆಲ್ಮರೇ ಬಿದ್ರೆ? ನಾನು ಫೋನ್ ಮಾಡ್ತೀನಿ, ಸರಿ. ಆಗ ಪೇಜರ್ ಬಡ್ಕೊಳ್ಳೋದೆಲ್ಲಿ? ಬಿದ್ದಿರೋ ಇವನ ಸೊಂಟದಲ್ಲೇ ತಾನೆ?" ಅವಳು ಡೆಲ್ಮರ್ ಕಡೆ ಕೈ ತೋರಿದಳು. "ನಂಗೆ ಈ ಮುದುಕ ಬೇಕ್ರಪ್ಪಾ."

ಕಾವಲಿಯಲ್ಲಿ ಪ್ಯಾನ್‌ಕೇಕ್ ಸೀಯುತ್ತಿತ್ತು. ಡೆಲ್ಮರ್ ಕೆಂಪಗಾಗಿದ್ದ. ಊರ ಮುಂದೆ ಅವನ ಮಾನ ಕಳೆದೆನೇನೋ ಎಂದು ವರ್ನಾಗೆ ಅಳುಕಾಯಿತು. ಅವನು ಒಲೆ ಆರಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡ.

"ದಾರ ಅಲ್ಲ, ಎದೆನೇ," ಎಂದ. "ನಂಗೂ ಹೆದರಿಕೆ ಆಗಿತ್ತು. ನನ್ ಮೇಲೆ ಅಷ್ಟೊಂದು ಪ್ರೀತಿ ಇದ್ರೆ, ಮತ ಹಾಕಿ ನನ್ನ ಮನೇಗೆ ಕಳಿಸ್ರಪ್ಪ."

ಹಾಯ್ಟ್ ತಲೆ ತಗ್ಗಿಸಿ ಸೀದ ಪ್ಯಾನ್‌ಕೇಕನ್ನೇ ತಟ್ಟೆಗೆ ಹಾಕಿಕೊಂಡ.

ತೆರಿಗೆ ಗೆದ್ದಿತು. ಮುಂದಿನ ಬೇಸಿಗೆಗೆ ಠಾಣೆಗೆ ಸಂಬಳದವರು ಬಂದರು. ಅವರು ಬಂದ ವಾರವೇ, ಗಂಡ ಹೆಂಡತಿ ಮಧ್ಯಾಹ್ನದ ಊಟಕ್ಕೆ ಕೂತಾಗ, ಲಾರಿ ಕೂಗುತ್ತಾ ಮನೆ ಮುಂದೆ ಹಾದುಹೋಯಿತು. ಡೆಲ್ಮರ್ ಅರ್ಧ ಎದ್ದುಬಿಟ್ಟಿದ್ದ. ವರ್ನಾ ಅವನ ಭುಜ ಒತ್ತಿದಳು.

"ಗೇರ್ ತಡವಾಗಿ ಹಾಕ್ತಾಳೆ ಆ ಹೊಸ ಡ್ರೈವರ್ ಹುಡುಗಿ," ಎಂದು ಗೊಣಗುತ್ತಾ ಕೂತ. ಸದ್ದು ಗುಡ್ಡದಾಚೆ ಕರಗುವ ತನಕ ಚಮಚ ಹಿಡಿದೇ ಇದ್ದ, ಕಣ್ಣು ತುಂಬಿತ್ತು. ಆಮೇಲೆ ನುರಿದ ಆಲೂಗಡ್ಡೆಯನ್ನು ಒಂದು ತುತ್ತು ತಿಂದ, ಇನ್ನೊಂದು ತಿಂದ.

"ವರ್ನಾ, ನಿನ್ನ ಅಡುಗೆ ಯಾವಾಗ್ಲೂ ಇಷ್ಟು ರುಚಿಯಾಗಿತ್ತಾ?"

"ಇಷ್ಟು ವರ್ಷದಲ್ಲಿ ಒಂದಿನಾದ್ರೂ ಬಿಸಿ ಇರುವಾಗ ಪೂರ್ತಿ ತಿಂದಿದ್ರೆ ತಾನೆ ಗೊತ್ತಾಗೋದು," ಎಂದು ವರ್ನಾ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.