ಮೂರನೇ ವೈರು

"ಹದಿನಾಲ್ಕು," ಅಂದಳು ರಿಮ್ಶಾ. "ಖಾಲಾ, ಫ್ರಿಜ್ ಆಫ್ ಮಾಡಿದ್ರಾ?"

"ಪ್ಲಗ್ಗೇ ಕಿತ್ತು ಕೈಲಿ ಹಿಡ್ಕೊಂಡಿದೀನಿ," ಒಳಗಿನಿಂದ ಕೂಗು ಬಂತು. "ಹಾಲು ಒಡೆದ್ರೆ ನೀನೇ ತಂದ್ಕೊಡ್ಬೇಕು."

"ಹದಿನೈದು. ಫ್ಯಾನು?"

"ಫ್ಯಾನ್ ನಿಂತು ಈಗ ನನ್ನ ಉಸಿರೂ ನಿಲ್ಲೋ ಹಾಗಿದೆ."

"ಹದಿನಾರು."

ಶಿವಾಜಿನಗರದ ಆ ಗಲ್ಲಿಯಲ್ಲಿ ಮಧ್ಯಾಹ್ನದ ಮೂರು ಗಂಟೆ. ಮೆಟ್ಟಿಲ ಕೆಳಗಿನ ಅರೆಗತ್ತಲಲ್ಲಿ ಮಣೆ ಹಾಕಿಕೊಂಡು ಕೂತ ರಿಮ್ಶಾ ಕರೆಂಟ್ ಮೀಟರಿನ ಕೆಂಪು ದೀಪದಿಂದ ಕಣ್ಣು ಕೀಳದೆ ನೋಡುತ್ತಿದ್ದಳು. ಸಾಸಿವೆ ಕಾಳಿನಷ್ಟು ದೀಪ. ಮನೆಯಲ್ಲಿ ಕರೆಂಟು ಹೆಚ್ಚು ಓಡಿದರೆ ಬೇಗ ಬೇಗ ಮಿಟುಕುತ್ತದೆ, ಕಡಿಮೆ ಓಡಿದರೆ ನಿಧಾನ. ಮೂರು ಸಾವಿರದ ಇನ್ನೂರು ಸಲ ಮಿಟುಕಿದರೆ ಒಂದು ಯೂನಿಟ್ ಅಂತ ಮೀಟರಿನ ಮುಖದ ಮೇಲೇ ಬರೆದಿದೆ. ನಾಲ್ಕು ವರ್ಷದಿಂದ ಈ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೂ ಅವಳು ಅದನ್ನು ಓದಿದ್ದು ಇವತ್ತು ಬೆಳಿಗ್ಗೆ. ಓದಿದ್ದೇ ತಡ, ಒಲೆಯ ಮೇಲಿಟ್ಟ ಅನ್ನವೂ ಮರೆತುಹೋಗಿತ್ತು.

ಮೇಲೆ ಅವಳ ಬಾಡಿಗೆ ಮನೆಯಲ್ಲಿ ಎಲ್ಲ ಆರಿಸಿ ಬಂದಿದ್ದಳು. ಕೆಳಗೆ ಮನೆಯೊಡತಿ ಕಮರುನ್ನೀಸಾ ಖಾಲಾ ಕೈಯಲ್ಲೂ ಎಲ್ಲ ಆಫ್ ಮಾಡಿಸಿದ್ದಳು. ಆದರೂ ದೀಪ ಮಿಟುಕುತ್ತಿತ್ತು. ನಾಲ್ಕು ಎಣಿಸುವಷ್ಟರಲ್ಲಿ ಒಂದು ಸಲ, ತಪ್ಪದೆ.

ಜಗಳ ಹುಟ್ಟಿದ್ದು ಈ ಮೀಟರಿನಿಂದಲ್ಲ, ಅದರ ಪಕ್ಕದ ಸಬ್ ಮೀಟರಿನಿಂದ. ಖಾಲಾ ಗಂಡ ಹಾಶಿಮ್ ಸಾಹೇಬರು ಬದುಕಿದ್ದಾಗ ಮೇಲಿನ ಮನೆಗಾಗಿಯೇ ಅದನ್ನು ಹಾಕಿಸಿದ್ದರು. ಅದರಲ್ಲಿ ಎಷ್ಟು ಓಡಿತೋ ಅಷ್ಟು ರಿಮ್ಶಾಳದು, ಒಟ್ಟು ಬಿಲ್ಲಿನಲ್ಲಿ ಮಿಕ್ಕಿದ್ದು ಖಾಲಾದು. ಹೋದ ತಿಂಗಳು ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ತಟ್ಟಿದರು, ಒರೆಸಿದರು, ಖಾಲಾ ಒಂದು ಸಲ ಊದಿಯೂ ನೋಡಿದರು. ಅಲುಗಲಿಲ್ಲ.

ನಿಂತ ಮೀಟರು ನಿಲ್ಲುವ ಮೊದಲೂ ನೆಟ್ಟಗೆ ಓಡಿರಲಿಕ್ಕಿಲ್ಲ ಎಂಬುದು ಖಾಲಾ ತೀರ್ಮಾನ. "ಕಾಯಿಲೆಯೋನು ಒಂದೇ ದಿನಕ್ಕೆ ಸಾಯ್ತಾನಾ? ವರ್ಷಗಟ್ಟಲೆ ಕುಂಟಿರ್ತಾನೆ." ಇಷ್ಟು ವರ್ಷ ಅವರನ್ನು ಕೊರೆಯುತ್ತಿದ್ದ ಸಂಗತಿಯೊಂದಕ್ಕೆ ಆಗ ಕಾರಣ ಸಿಕ್ಕಿತ್ತು. ಇರುವುದು ಒಬ್ಬಳೇ ಮುದುಕಿ, ಎರಡು ಬಲ್ಬು, ಒಂದು ಫ್ಯಾನು, ಒಂದು ಫ್ರಿಜ್ಜು. ತನ್ನ ಪಾಲಿಗೇ ತಿಂಗಳಿಗೆ ನೂರಾ ಎಪ್ಪತ್ತು ಯೂನಿಟ್ ಹೇಗೆ ಬರುತ್ತದೆ? ಮನೆಯ ಲೆಕ್ಕ ಇನ್ನೂರರ ಒಳಗಿದ್ದವರಿಗೆ ಕರೆಂಟು ಪುಕ್ಕಟೆ; ಗಲ್ಲಿಯಲ್ಲಿ ಎಲ್ಲರಿಗೂ ಸೊನ್ನೆ ಬಿಲ್ಲು ಬರುವಾಗ ಮೇಲಿನದೂ ಸೇರಿ ತನಗೊಬ್ಬಳಿಗೇ ಏಕೆ ಇನ್ನೂರು ದಾಟುತ್ತದೆ? ಮೇಲಿನವಳ ಜಿಗ್‌ಜಾಗ್ ಮೆಷಿನ್ನಿನಿಂದ, ಇನ್ನೇನು!

ಕಮರ್ಶಿಯಲ್ ಸ್ಟ್ರೀಟಿನ ಅಂಗಡಿಗಳಿಂದ ಸೀರೆ ತಂದು, ಫಾಲ್ಸ್ ಹಚ್ಚಿ ಅಂಚು ಹೊಲಿದು ಕೊಡುವುದು ರಿಮ್ಶಾಳ ಕೆಲಸ. ಆ ಮೆಷಿನ್ ಅವಳದೇ ಸಂಪಾದನೆಯಲ್ಲಿ ಕೊಂಡದ್ದು. ಈ ಶುಕ್ರವಾರದೊಳಗೆ ಮೆಷಿನ್ ಮನೆಯಿಂದ ಹೋಗಬೇಕು, ಇಲ್ಲಾ ನೀವು ಹೋಗಬೇಕು ಅಂದುಬಿಟ್ಟಿದ್ದರು ಖಾಲಾ. ಗಂಡ ಮಂಜೂರ್, "ಮಾರಿಬಿಡೋಣ ಬಿಡು, ಈ ಬಾಡಿಗೆಗೆ ಇಲ್ಲಿ ಇನ್ನೊಂದು ಮನೆ ಸಿಗಲ್ಲ," ಅಂತ ಒಪ್ಪಿಯೂ ಬಿಟ್ಟಿದ್ದ. ಖಾಲಾ ಬಯ್ದದ್ದಕ್ಕಿಂತ ಅವನು ಒಪ್ಪಿದ್ದು ರಿಮ್ಶಾಳನ್ನು ಹೆಚ್ಚು ಉರಿಸಿತು. ಬೆಣ್ಣೆ ತಿಂದ ಕೋತಿ ಎಲ್ಲೋ ಇದೆ, ಮೇಕೆಯ ಬಾಯಿಗೆ ಒರೆಸಿ ಹೋಗಿದೆ. ಆ ಕೋತಿ ಯಾವುದು?

"ಇನ್ನೂ ಮಿಟುಕ್ತಿದೆಯಾ?" ಖಾಲಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೊರಗೆ ಬಂದರು. "ನೋಡಿದ್ಯಾ? ನಿನ್ನ ಮೆಷಿನ್ನೇ."

"ಮೆಷಿನ್ನಿನ ವೈರು ಬಿಚ್ಚಿ ನಿಮ್ಮ ಮಂಚದ ಮೇಲೇ ಇಟ್ಟಿದೀನಲ್ಲ ಖಾಲಾ?"

"ಹೌದಲ್ಲ." ಅವರು ಬಗ್ಗಿ ನೋಡಿದರು. "ಹಾಗಾದ್ರೆ ಇದು ಯಾರನ್ನ ನೋಡಿ ಕಣ್ಣು ಹೊಡೀತಿದೆ?"

ಅಷ್ಟರಲ್ಲಿ ದೀಪ ನಿಂತಿತು.

ಇಬ್ಬರೂ ಎಣಿಸುತ್ತ ಕಾದರು. ನಾಲ್ಕಾಯಿತು, ಹತ್ತಾಯಿತು, ನೂರಾಯಿತು. ಏನೂ ಇಲ್ಲ. "ಸರಿ, ಮುಗೀತು, ಫ್ಯಾನ್ ಹಾಕ್ತೀನಿ," ಅಂತ ಖಾಲಾ ಒಳಗೆ ಹೊರಟರೆ ರಿಮ್ಶಾ ಅವರ ಕೈ ಹಿಡಿದು ಕೂರಿಸಿದಳು. ಹತ್ತು ನಿಮಿಷ ಕಳೆದಿರಬಹುದು. ಯಾರೂ ಯಾವ ಸ್ವಿಚ್ಚನ್ನೂ ಮುಟ್ಟದೆ ದೀಪ ಮತ್ತೆ ಶುರುವಾಯಿತು, ಮೊದಲಿನ ಹಾಗೆಯೇ, ನಾಲ್ಕಕ್ಕೊಂದು.

"ಯಾ ಅಲ್ಲಾಹ್," ಅಂದರು ಖಾಲಾ. "ಜಿನ್ನು ಏನಾದ್ರೂ..."

"ಜಿನ್ನಿಗೆ ಕರೆಂಟ್ ಯಾಕೆ ಬೇಕು ಖಾಲಾ? ಇದು ನಿದ್ದೆ ಮಾಡುತ್ತೆ, ಏಳುತ್ತೆ. ಹಾಗೆ ಮಾಡೋದು ಫ್ರಿಜ್ಜು."

"ಇಬ್ಬರ ಫ್ರಿಜ್ಜೂ ಆಫ್ ಆಗಿದೆಯಲ್ಲೇ!"

"ಅದಕ್ಕೇ ಕೇಳ್ತಿದೀನಿ. ಮೂರನೇದು ಎಲ್ಲಿದೆ?"

ರಿಮ್ಶಾ ಮೊಬೈಲಿನ ಟಾರ್ಚು ಹಾಕಿ ಮೀಟರಿನ ಹಲಗೆಯನ್ನು ಇಂಚಿಂಚೂ ನೋಡಿದಳು. ಒಂದು ವೈರು ಖಾಲಾ ಮನೆಗೆ. ಒಂದು ಸತ್ತ ಸಬ್ ಮೀಟರಿನ ಮೂಲಕ ಮೇಲಕ್ಕೆ. ಇನ್ನೊಂದು ಹಲಗೆಯ ಹಿಂಬದಿಯಿಂದ ನುಸುಳಿ, ಗೋಡೆಯ ಬಣ್ಣವನ್ನೇ ಬಳಿದುಕೊಂಡು, ಸೂರಿನ ಅಂಚಿಗೆ ಹೋಗಿ ಗೋಡೆಯೊಳಗೆ ಮಾಯವಾಗಿತ್ತು. ಆ ಗೋಡೆಯ ಆಚೆಗೆ ಕೋಣೆಯಿಲ್ಲ, ಗಲ್ಲಿ.

"ನೀವು ದೀಪ ನೋಡ್ತಿರಿ," ಅಂದವಳೇ ದುಪಟ್ಟಾ ತಲೆಗೆಳೆದುಕೊಂಡು ಹೊರಗೋಡಿದಳು.

ಗೋಡೆಯ ಆ ಕಡೆ ಸ್ಟೀಲಿನ ನೀರಿನ ಕೂಲರ್ ನಿಂತಿತ್ತು. ಎರಡು ನಲ್ಲಿ, ಸರಪಳಿ ಕಟ್ಟಿದ ಎರಡು ಲೋಟ. ಹಾಶಿಮ್ ಸಾಹೇಬರು ತಮ್ಮ ತಾಯಿಯ ಹೆಸರಿನಲ್ಲಿ ಇಡಿಸಿದ್ದು. ಸಾಮಾನು ಹೊರುವವರು, ಆಟೋದವರು, ಬಸ್ ಸ್ಟ್ಯಾಂಡಿಗೆ ಹೋಗುವವರು ಎಲ್ಲ ಅಲ್ಲೇ ಕುಡಿಯುತ್ತಿದ್ದರು. ಪೆಟ್ಟಿಗೆ ಸಾಹೇಬರದು, ಕರೆಂಟು ಮೂಲೆಯ ಅಂಗಡಿಗಳವರದು ಅಂತ ಗಲ್ಲಿಗೆಲ್ಲ ಗೊತ್ತು. ಆಟೋದವನೊಬ್ಬ ನೀರು ಹಿಡಿಯುತ್ತಿದ್ದ. ರಿಮ್ಶಾ ಕೂಲರಿನ ಪಕ್ಕೆಗೆ ಅಂಗೈ ಇಟ್ಟಳು. ಒಳಗೆ ಗುಂಯ್ ಅನ್ನುತ್ತಿತ್ತು.

"ಜ್ವರ ಇದೆಯಾ ಮೇಡಂ ಅದಕ್ಕೆ?" ಅಂದ ಆಟೋದವನು.

ರಿಮ್ಶಾ ಅಂಗೈ ಒತ್ತಿಹಿಡಿದೇ ಇದ್ದಳು. ಆಟೋದವನು ಲೋಟ ಬಿಟ್ಟು ಹೋದ. ಕೊನೆಗೊಮ್ಮೆ ಗುಂಯ್ ಸದ್ದು ಸಣ್ಣಗೆ ನಡುಗಿ ನಿಂತಿತು. ಅದೇ ಗಳಿಗೆಗೆ ಗೋಡೆಯ ಆಚೆಯಿಂದ ಖಾಲಾ ಕೂಗಿದರು: "ನಿಂತ್ಹೋಯ್ತು ಬೇಟಿ!"

ವೈರಿಂಗ್ ಮಾಡಿದ್ದು ಹಲಸೂರಿನ ಮಧುಕರ್. ಖಾಲಾ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆತ ಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಹಳೇ ವೈರಿಂಗು, ಎಲ್ಲೋ ಲೀಕೇಜು ಇರಬಹುದು ಅಂದ. "ಹಾಗಾದ್ರೆ ಆ ಮೂರನೇ ವೈರು ಕತ್ತರಿಸ್ಲಾ ಅಣ್ಣಾ?" ಅಂತ ರಿಮ್ಶಾ ಕೇಳಿದಾಗ ದಾರಿಗೆ ಬಂದ.

"ಬೇಡಮ್ಮಾ, ಬೇಡ! ಬೀಬಿ, ತಪ್ಪು ತಿಳ್ಕೋಬೇಡಿ. ಸಾಹೇಬ್ರು ಆಣೆ ಹಾಕಿಸ್ಕೊಂಡಿದ್ರು. ನಮ್ಮನೆ ಲೈನಿಂದಾನೇ ಕೊಡು, ಯಾರಿಗೂ ಹೇಳ್ಬೇಡ ಅಂತ."

"ಯಾರಿಗೂ ಅಂದ್ರೆ?"

"ಯಾರಿಗೂ. ಆದ್ರೆ ನಿಮ್ಮ ಹೆಸರು ಮಾತ್ರ ಎರಡು ಸಲ ಹೇಳಿದ್ರು."

ಖಾಲಾ ಫೋನಿಟ್ಟು ಮಂಚದ ಮೇಲೆ ಕೂತರು. ಕೂಲರ್ ಇಡಿಸಿ ಹನ್ನೊಂದು ವರ್ಷ. ಅದರಲ್ಲಿ ಸಾಹೇಬರು ತೀರಿಕೊಂಡ ಮೇಲಿನದೇ ಐದು.

"ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರದು ಅಂತಿದ್ರು," ಅಂದರು ನಿಧಾನವಾಗಿ. "ನಾನೇ ಎಡಗೈ ನೋಡು. ಗೊತ್ತೂ ಆಗ್ಲಿಲ್ಲ, ಬಿಲ್ಲನ್ನೂ ಕಟ್ಟಿದೆ." ಬಯ್ಯುತ್ತಾರೆ ಅಂದುಕೊಂಡರೆ ಅವರಿಗೆ ನಗು ಬಂತು, ನಗುನಗುತ್ತಲೇ ಕಣ್ಣೊರೆಸಿಕೊಂಡರು.

ರಿಮ್ಶಾ ಸುಮ್ಮನಿರಲಿಲ್ಲ. ಮೆಷಿನ್ನಿಗೆ ವೈರು ಸಿಕ್ಕಿಸಿ, ಕೂಲರ್ ಮಲಗಿದ್ದ ಹೊತ್ತು ನೋಡಿ, ಖಾಲಾ ಅವರಿಂದಲೇ ಪೆಡಲ್ ಒತ್ತಿಸಿ, ಕೆಳಗೋಡಿ ಎಣಿಸಿದಳು. ಹನ್ನೆರಡಕ್ಕೊಂದು ಮಿಟುಕು. ಅದೂ ಪೆಡಲ್ ಒತ್ತಿದಾಗ ಮಾತ್ರ. ಕೂಲರ್ ಹಗಲು ರಾತ್ರಿ ಸೇರಿ ತಿಂಗಳಿಗೆ ನೂರು ಯೂನಿಟ್‌ಗಿಂತ ಮೇಲೆ. ಅವಳ ಮೆಷಿನ್ ಹತ್ತನ್ನೂ ಮುಟ್ಟುವುದಿಲ್ಲ.

"ಮೆಷಿನ್ ಇಟ್ಕೋ," ಅಂದರು ಖಾಲಾ ಮೇಲಿನ ಮನೆಯ ಹೊಸ್ತಿಲಲ್ಲೇ ಕೂತು. "ನಿನ್ನ ಮೇಲೆ ಸುಳ್ಳು ಹೊರಿಸಿದೆ, ಮನಸ್ಸಿಗೆ ಹಚ್ಕೋಬೇಡ." ಆಮೇಲೆ ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. "ಅಲ್ಲ ಬೇಟಿ, ಈ ಐದು ವರ್ಷದ ಸವಾಬ್ ಯಾರದು? ಅವ್ರು ಮಣ್ಣಾಗಿದ್ರು. ಕಟ್ಟಿದ್ದು ನಾನು."

"ಗೊತ್ತಿಲ್ದೆ ಮಾಡಿದ ಪುಣ್ಯ ಲೆಕ್ಕಕ್ಕೆ ಬರುತ್ತಾ ಖಾಲಾ?"

"ಪ್ರತಿ ತಿಂಗಳೂ ಬಯ್ಕೊಂಡು ಕಟ್ಟಿದೀನಿ. ಅದೊಂದು ಕಷ್ಟ ಇದೆ." ಮತ್ತೆ ಬೆರಳು ಮಡಿಚಿದರು. "ಇನ್ಮೇಲಾದ್ರೂ ಗೊತ್ತಿದ್ದು ಕಟ್ತೀನಿ. ಕೂಲರ್ ನಿಲ್ಲಿಸೋ ಮಾತೇ ಇಲ್ಲ."

"ನಿಲ್ಲಿಸಿ ಅಂತ ಯಾರು ಹೇಳಿದ್ರು?"

"ಹಾಗಾದ್ರೆ ಕೇಳು." ಖಾಲಾ ಅವಳ ಕೈ ಹಿಡಿದು ದನಿ ತಗ್ಗಿಸಿದರು, ಚಿನ್ನ ಮಾರುವವರ ಹಾಗೆ. "ನಿನ್ನ ಸಬ್ ಮೀಟರಂತೂ ಸತ್ತಿದೆ. ಹೊಸದು ಯಾಕೆ ಸುಮ್ನೆ? ಬಿಲ್ಲು ಅರ್ಧ ನಿಂದು, ಅರ್ಧ ನಂದು. ನೀರಿನ ಸವಾಬೂ ಅರ್ಧರ್ಧ. ಬಾಯಾರಿ ಬಂದೋರ ದುವಾ, ಬೇಟಿ! ನನ್ನ ತಂಗಿಗೂ ಕೊಡದೇ ಇರೋದನ್ನ ನಿಂಗೆ ಕೊಡ್ತಿದೀನಿ."

ರಿಮ್ಶಾ ಸೀರೆಯ ಅಂಚನ್ನು ಸೂಜಿಯ ಕೆಳಗೆ ಇಟ್ಟು ಸರಿಮಾಡಿದಳು.

"ಬೇಡ ಖಾಲಾ."

"ಅರೆ! ಜನ್ನತ್ತಿನ ಪಾಲು ಕೊಡ್ತೀನಿ ಅಂದ್ರೂ ಬೇಡ್ವಾ?"

"ಬೇಡ," ಅಂದಳು ರಿಮ್ಶಾ. "ನಂಗೆ ಮೀಟರ್ ಹಾಕ್ಸಿ."