ಎಡಗಡೆ, ಮೂರನೇ ಕಂಬದ ಎದುರು

ಸೀಸನ್ ಶುರುವಾಗುವ ಮೊದಲಿನ ಅಭ್ಯಾಸ ಪಂದ್ಯಗಳೆಂದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೆದ್ದರೆ ಕಪ್ಪಿಲ್ಲ, ಸೋತರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇದು ಗೊತ್ತಿದ್ದೂ, ನಮ್ಮ ತಂಡ ಈ ಸಲ ಐದರಲ್ಲಿ ನಾಲ್ಕು ಸೋತಾಗ ನನಗೆ ಊಟ ಸೇರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಒಂದೇ ಸೀಟಿನಲ್ಲಿ ಕೂತು ಈ ಬ್ಯಾಸ್ಕೆಟ್‌ಬಾಲ್ ತಂಡವನ್ನು ನೋಡಿದವಳು ನಾನು. ಮೊದಲ ಎರಡು ಪಂದ್ಯ ನೋಡಿದರೆ ಸಾಕು, ಇಡೀ ವರ್ಷದ ಹಣೆಬರಹ ಹೇಳುತ್ತೇನೆ ಎಂಬ ಜಂಬವೂ ಇದೆ. ಪತ್ರಿಕೆಯವರು ತಂಡ ಮುಳುಗಿತು ಎಂದು ಬರೆದರು. ಮುಳುಗಿಲ್ಲ, ಇನ್ನೂ ನಿದ್ದೆಯಿಂದ ಎದ್ದಿಲ್ಲ ಎಂಬುದು ನನ್ನ ವಾದವಾಗಿತ್ತು.

ನಿದ್ದೆ ಎಂದದ್ದು ಸುಮ್ಮನೆ ಅಲ್ಲ. ಅಭ್ಯಾಸ ಪಂದ್ಯಗಳು ನಡೆಯುವುದು ಮಧ್ಯಾಹ್ನದ ಹೊತ್ತು. ಅರ್ಧ ಸೀಟುಗಳು ಖಾಲಿ. ಎತ್ತರದ ಕಿಟಕಿಗಳಿಂದ ಬಿಸಿಲು ಇಳಿದು ಮರದ ನೆಲದ ಮೇಲೆ ಹರಡಿಕೊಂಡು, ಅಂಗಳವೆಲ್ಲ ನಿಂತ ನೀರಿನಂತೆ ಕಾಣುತ್ತದೆ. ಆಟಗಾರರು ಮೇಲೊಬ್ಬರು, ಅವರ ಕಾಲಿಗೆ ಅಂಟಿಕೊಂಡು ತಲೆಕೆಳಗಾಗಿ ಇನ್ನೊಬ್ಬರು. ನಾನು ಬೆಳಗ್ಗೆಯೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಕಂಡವರ ಪವರಿನಲ್ಲೆಲ್ಲ ಲೋಕ ನೋಡಿ ಬಂದಿರುತ್ತೇನೆ. ಕಣ್ಣು ಸ್ವಲ್ಪ ತೇಲುತ್ತಿರುತ್ತದೆ. ಚೆಂಡಿನ ಟಪ್ ಟಪ್ ಕೇಳುತ್ತ ಕೇಳುತ್ತ, ನಾನು ಕೂತಿದ್ದೇನೋ ಆ ನೀರಿನ ಮೇಲೆ ನಡೆಯುತ್ತಿದ್ದೇನೋ ತಿಳಿಯುವುದಿಲ್ಲ. ನನಗೆ ನಿಜವಾದ ಸೀಸನ್‌ಗಿಂತ ಈ ಮಧ್ಯಾಹ್ನಗಳೇ ಇಷ್ಟ.

ಆ ನೀರಿನ ಮೇಲೆ ಈ ಸಲ ಹೊಸಬನೊಬ್ಬ ಬಂದಿದ್ದ. ಇಪ್ಪತ್ತಾರು ವರ್ಷ, ಎಡಗೈಯವನು, ಚೆಂಡನ್ನು ತಟ್ಟಿಕೊಂಡು ಎದುರಾಳಿಯ ಬುಟ್ಟಿಯತ್ತ ತಂದು ಉಳಿದವರಿಗೆ ಹಂಚುವ ಕೆಲಸ ಅವನದು. ಸದಾ ಅರೆಮುಚ್ಚಿದ ಕಣ್ಣು, ಈಗತಾನೇ ಹಾಸಿಗೆ ಬಿಟ್ಟು ಬಂದವನ ಓಟ. ನಾನು ಅವನಿಗೆ ತೂಕಡಿಕೆ ಎಂದು ಹೆಸರಿಟ್ಟೆ. ಅಕ್ಕಪಕ್ಕದ ಸೀಟಿನವರೂ ಹಾಗೇ ಕರೆಯತೊಡಗಿದರು. ಆದರೆ ಅವನು ನೋಡದೇ ಎಸೆದ ಚೆಂಡು, ಇನ್ನೊಬ್ಬ ಆಟಗಾರ ಎಲ್ಲಿಗೆ ಬರಲಿದ್ದಾನೋ ಅಲ್ಲಿಗೆ ಮೊದಲೇ ಹೋಗಿ ಕಾಯುತ್ತಿತ್ತು. ಅವನನ್ನು ಕಂಡರೆ ನನಗೆ ಮಮತೆ. ಮಮತೆ ಇದ್ದಲ್ಲಿ ನನ್ನ ಬೈಗುಳವೂ ಒಂದು ಕೈ ಜಾಸ್ತಿಯೇ.

ಬೈಯಲು ಕಾರಣವೂ ಇತ್ತು. ಪ್ರತಿ ಪಂದ್ಯದಲ್ಲೂ ಎಡಗಡೆ, ಗೋಡೆಯ ಸಾಲಿನ ಮೂರನೇ ಕಂಬದ ಎದುರು ಬಂದಾಗ ಅವನು ಚೆಂಡು ಕಳೆದುಕೊಳ್ಳುತ್ತಿದ್ದ. ಅವನ ಕೈ ಸೊಂಟದ ಹತ್ತಿರ ಕಾಯುತ್ತಿರುತ್ತದೆ, ಚೆಂಡು ಮೊಣಕಾಲು ದಾಟಿ ಮೇಲೇಳುವುದಿಲ್ಲ. ಎದುರಾಳಿ ಬಾಗಿ ಎತ್ತಿಕೊಂಡು ಹೋಗುತ್ತಾನೆ. ಹಳೆಯ ನಾಯಕ ಬಲಗೈಯವನು, ಹದಿನಾಲ್ಕು ವರ್ಷ ಬಲಗಡೆಯಿಂದಲೇ ಆಡಿ ನಿವೃತ್ತನಾದ. ಅವನಿಗಿಂತ ಹಿಂದಿನವನೂ ಹಾಗೇ. ಹಾಗಾಗಿ ಆ ಜಾಗದ ಕಡೆ ಯಾರ ಗಮನವೂ ಹೋಗಿರಲಿಲ್ಲ. ಪತ್ರಿಕೆಯವರು ತೂಕಡಿಕೆಗೆ ಸೋರುವ ಕೈ ಎಂದು ಬರೆದರು. ಅವನನ್ನು ಪರೀಕ್ಷೆಗೆಂದು ಮಾತ್ರ ತೆಗೆದುಕೊಂಡಿದ್ದರು. ಆರನೇ ಪಂದ್ಯ ಮುಗಿದ ಮೇಲೆ ಹನ್ನೆರಡು ಜನರ ಪಟ್ಟಿ. ಅದರಲ್ಲಿ ಹೆಸರಿಲ್ಲದಿದ್ದರೆ ಚಿಕ್ಕಪ್ಪನ ಟೈರ್ ಅಂಗಡಿಗೆ ವಾಪಸ್ ಎಂದು ಅವನೇ ರೇಡಿಯೋದಲ್ಲಿ ಹೇಳಿದ್ದ.

ರೇಡಿಯೋ ನಮ್ಮ ಮನೆಯಲ್ಲಿ ಅಣ್ಣನ ಆಸ್ತಿ. ಅಣ್ಣ ಮರದ ನೆಲ ಹಾಕುವ ಬಡಗಿ. ಈ ಕ್ರೀಡಾಂಗಣದ ನೆಲ ಹಾಕಿದ್ದು ಅವನೇ, ನಾಲ್ಕು ಜನರನ್ನು ಕಟ್ಟಿಕೊಂಡು. ಇವತ್ತಿಗೂ ಆ ನೆಲ ತೋರಿಸಿಯೇ ಅವನಿಗೆ ಬೇರೆ ಊರಿನ ಕೆಲಸ ಸಿಗುವುದು. ಆದರೆ ಒಂದು ದಿನವೂ ಅವನು ಅಲ್ಲಿ ಕೂತು ಪಂದ್ಯ ನೋಡಿದವನಲ್ಲ. ಅಡುಗೆಮನೆಯಲ್ಲಿ ಉಳಿ ಮಸೆಯುತ್ತ ರೇಡಿಯೋ ಕೇಳುತ್ತಾನೆ. ಅಡುಗೆಯವನಿಗೆ ತಾನು ಮಾಡಿದ್ದು ತಾನೇ ಉಣ್ಣಲು ರುಚಿಸುವುದಿಲ್ಲವಂತೆ ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದಳು.

ನಾನು ಅವರ ಜೊತೆಗೇ ಇರುವುದು. ಇಪ್ಪತ್ತೊಂದು ವರ್ಷದ ಹಿಂದೆ ಗಂಡನ ಮನೆ ಬಿಟ್ಟು, ಒಂದು ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಬಂದು, ಅಣ್ಣನ ಕೆಲಸದ ಜಾಗಕ್ಕೆ ಫೋನ್ ಮಾಡಿದೆ. ಅವನು ಮೈಮೇಲಿನ ಮರದ ಪುಡಿಯನ್ನೂ ಕೊಡವದೆ ಓಡಿಬಂದ. ಬಲಗೈಗೆ ಚರ್ಮದ ಗ್ಲೌಸ್ ಹಾಗೇ ಇತ್ತು, ಎಡಗೈ ಬರಿದು. ಒಂಟಿ ಗ್ಲೌಸಿನ ಆ ಗಂಡಸಿನ ಕತೆಯನ್ನು ನಾನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತೇನೆ. ಅಣ್ಣನೂ ನಗುತ್ತಾನೆ, ಆಮೇಲೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಾನೆ.

ಐದನೇ ಪಂದ್ಯದ ಸಂಜೆ ನಾನು ಊಟದ ಮೇಜಿನ ಮುಂದೆ ತೂಕಡಿಕೆಯ ಜನ್ಮ ಜಾಲಾಡುತ್ತಿದ್ದೆ. ಅಣ್ಣ ತಲೆ ಎತ್ತದೆ, ಚೆಂಡು ಹೋಗುವುದು ಸರಿಯಾಗಿ ಎಲ್ಲಿ ಎಂದು ಕೇಳಿದ. ತಟ್ಟೆಯನ್ನು ಬುಟ್ಟಿ ಮಾಡಿ, ಲೋಟಗಳನ್ನು ಕಂಬ ಮಾಡಿ, ಜಾಗ ತೋರಿಸಲು ಒಂದು ಚಮಚ ಇಟ್ಟೆ. ಅವನು ಅದನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿ, ಇಲ್ಲಿ ಅಲ್ಲವಾ ಎಂದ. ಅದೇ ಜಾಗ.

"ಆ ಹುಡುಗನ ಕೈ ಸೋರಲ್ಲ ಕಣೇ," ಎಂದ ಅಣ್ಣ. "ಅಲ್ಲಿ ನೆಲ ಸತ್ತಿದೆ. ಸಾಯಿಸಿದ್ದು ನಾನು."

ಆ ನೆಲದ ಹಲಗೆಗಳ ಕೆಳಗೆ ಅಡ್ಡಪಟ್ಟಿಗಳಿವೆಯಂತೆ, ಪಟ್ಟಿಗಳ ಕೆಳಗೆ ಸಾಲಾಗಿ ರಬ್ಬರ್ ಬಿಲ್ಲೆಗಳು. ಚೆಂಡನ್ನು ಮೇಲಕ್ಕೆ ಕಳಿಸುವುದು ಅವು. ಕೊನೆಯ ದಿನ ಒಂದು ಬಿಲ್ಲೆ ಸೀಳಿತ್ತು. ಬೇರೆಯದು ಬರುವುದು ಮರುದಿನ ಬೆಳಗ್ಗೆ. ಅಷ್ಟರಲ್ಲಿ ಅಣ್ಣನಿಗೆ ಏನೋ ಅವಸರದ ಕೆಲಸ ಬಂತು. ಕೈಗೆ ಸಿಕ್ಕಿದ್ದನ್ನು ಅಲ್ಲಿ ತುರುಕಿ ಹಲಗೆ ಮುಚ್ಚಿ ಹೋದ. ಎರಡು ದಿನ ಬಿಟ್ಟು ಬರುವಷ್ಟರಲ್ಲಿ ಉಳಿದವರು ನೆಲಕ್ಕೆಲ್ಲ ವಾರ್ನಿಷ್ ಹೊಡೆದು ಮುಗಿಸಿದ್ದರು. ಹೇಳಿದರೆ ಹೆಸರು ಹೋಗುತ್ತದೆಂದು ಬಾಯಿ ಬಿಡಲಿಲ್ಲ. ಯಾವ ಅವಸರ ಎಂದು ಕೇಳಿದೆ. ಅವನು ಲೋಟಗಳನ್ನು ಎತ್ತಿಡುತ್ತ ಕೂತ. ಇಷ್ಟು ವರ್ಷ ಸುಮ್ಮನಿದ್ದವರು ಈಗೇಕೆ ಇರುವೆ ಬಿಟ್ಟುಕೊಳ್ಳುವುದು ಎಂದಳು ಅತ್ತಿಗೆ. ಅವಳ ಮಾತಿನಲ್ಲೂ ತಪ್ಪಿರಲಿಲ್ಲ, ಮುಂದಿನ ಕೆಲಸಗಳೆಲ್ಲ ಆ ಹೆಸರಿನ ಮೇಲೇ ನಿಂತಿದ್ದವು. ಅಣ್ಣ ಸ್ವಲ್ಪ ಹೊತ್ತು ಚಮಚವನ್ನೇ ನೋಡಿ, ಬೆಳಗ್ಗೆ ಹೋಗೋಣ, ನೀನೂ ಬಾ ಎಂದ.

ಬೆಳಗಿನ ಖಾಲಿ ಕ್ರೀಡಾಂಗಣವನ್ನು ನಾನು ಅದೇ ಮೊದಲು ನೋಡಿದ್ದು. ಕೋಚ್ ಒಬ್ಬನೇ ಇದ್ದ. ಅಣ್ಣ ಚಪ್ಪಲಿ ಬಿಟ್ಟು, ಒಂದು ಚೆಂಡು ಕೇಳಿ ತೆಗೆದುಕೊಂಡು, ಬಿಸಿಲಿನ ಆ ನೀರಿನೊಳಕ್ಕೆ ಇಳಿದು ನಡೆದ. ಟಪ್, ಟಪ್, ಟಪ್. ಅರವತ್ತು ದಾಟಿದವನು, ಚೆಂಡು ತಟ್ಟಲು ಬಾರದವನು, ಮಗುವಿನಂತೆ ಎರಡೂ ಕೈಯಲ್ಲಿ ತಟ್ಟುತ್ತ ಹೋಗುತ್ತಿದ್ದ. ಮೂರನೇ ಕಂಬದ ಎದುರು ಸದ್ದು ನಿಂತಿತು. ಚೆಂಡು ಅವನ ಪಾದದ ಹತ್ತಿರ ಸುಸ್ತಾಗಿ ಉರುಳಿತು. ಕೋಚ್ ಬಂದು ತಾನೇ ನಾಲ್ಕು ಸಲ ತಟ್ಟಿ ನೋಡಿದ, ನಾಲ್ಕು ಸಲವೂ ಅಷ್ಟೇ.

"ಇದು ನನ್ನ ತಪ್ಪು ಸಾರ್," ಎಂದ ಅಣ್ಣ. "ಆ ಹುಡುಗನ ತಲೆಗೆ ಕಟ್ಟಬೇಡಿ."

ಕೋಚ್ ಬೈಯುತ್ತಾನೆಂದು ನಾನು ಸೆರಗು ಬಿಗಿದು ಜಗಳಕ್ಕೆ ತಯಾರಾಗಿದ್ದೆ. ಅವನು ಬೈಯಲಿಲ್ಲ. ನಾಳೆಯೊಳಗೆ ಸರಿಮಾಡಿ, ನಾಳೆ ಅವನು ಹೇಗೆ ಆಡುತ್ತಾನೋ ಅದನ್ನು ಮಾತ್ರ ನೋಡುತ್ತೇನೆ ಎಂದ. ಯಾರ ತಪ್ಪೆಂದು ಆಡಳಿತದವರಿಗೆ ಬರೆದು ತಿಳಿಸಬೇಕಾಗುತ್ತದೆ ಎಂದೂ ಹೇಳಿದ. ಅಣ್ಣ ತಲೆ ಆಡಿಸಿ, ಗರಗಸ ತೆಗೆದು ಮಂಡಿಯೂರಿದ.

ಹಲಗೆ ಕತ್ತರಿಸಿ ಎತ್ತಿದಾಗ ಅದರ ಕೆಳಬದಿಯಲ್ಲಿ ಐದು ಜನರ ಹೆಸರು ಪೆನ್ಸಿಲಿನಲ್ಲಿತ್ತು. ಕೊನೆಯ ಹಲಗೆಗೆ ಹಾಗೆ ಬರೆಯುವುದು ಅವರ ರೂಢಿ. ಪಟ್ಟಿಯ ಕೆಳಗೆ ಬಿಲ್ಲೆ ಇರಬೇಕಾದ ಕಡೆ ಕಂದುಬಣ್ಣದ ಏನೋ ಮಡಿಸಿ ತುರುಕಿತ್ತು. ಅಣ್ಣ ಅದನ್ನು ಎಳೆದು ಬೇಗ ಜೇಬಿಗೆ ಹಾಕಿಕೊಳ್ಳಲು ಹೋದ. ನಾನು ಕೈ ಹಿಡಿದೆ.

ಚರ್ಮದ ಗ್ಲೌಸ್. ಎಡಗೈಯದು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಈ ಐದು ಪಂದ್ಯಗಳಲ್ಲಿ ಯಾವ ಜಾಗದಲ್ಲಿ ಚೆಂಡು ಬಿದ್ದಾಗಲೆಲ್ಲ ಎದ್ದು ನಿಂತು ಶಾಪ ಹಾಕಿದ್ದೆನೋ, ಆ ಜಾಗವನ್ನು ಸಾಯಿಸಿದ್ದು ನನ್ನ ಫೋನು. ಅಣ್ಣನ ಹೆಸರು ಹೋಗುವುದಿದ್ದರೆ ಅದೂ ನನ್ನಿಂದಲೇ. ಅಳು ಬಂತು, ನಾಚಿಕೆಯೂ ಆಯಿತು. ಅಣ್ಣ ಮಾತ್ರ, ಅತ್ತು ನೆಲ ಒದ್ದೆ ಮಾಡಬೇಡ, ಮರ ಉಬ್ಬುತ್ತದೆ ಎಂದು ಗದರಿದ.

ಮರುದಿನ ಆರನೇ ಪಂದ್ಯ. ನನ್ನ ಪಕ್ಕದ ಸೀಟಿನಲ್ಲಿ ಅಣ್ಣ, ಮೊದಲ ಸಲ. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಮೂರನೇ ಭಾಗದಲ್ಲಿ ತೂಕಡಿಕೆ ಎಡಗಡೆಯಿಂದ ಬಂದ, ಅರೆಗಣ್ಣಿನಲ್ಲಿ, ಕನಸಿನಲ್ಲಿ ನಡೆಯುವವನಂತೆ. ಮೂರನೇ ಕಂಬ ಹತ್ತಿರವಾಯಿತು. ಚೆಂಡು ನೆಲಕ್ಕೆ ಬಿತ್ತು. ನಾನು ಕಣ್ಣು ಮುಚ್ಚಿದೆ. ಸದ್ದು ಕೇಳಿತು, ಟಪ್ ಎಂದು, ದುಂಡಗೆ. ಕಣ್ಣು ಬಿಟ್ಟಾಗ ಚೆಂಡು ಅವನ ಕೈಗೆ ಬಂದು, ಅಲ್ಲಿಂದ ಯಾರೂ ಇಲ್ಲದ ಕಡೆ ಹೋಗಿ, ಅಲ್ಲಿಗೆ ಓಡಿಬಂದವನ ಕೈ ಸೇರಿ ಬುಟ್ಟಿಯೊಳಗಿತ್ತು. ಪಂದ್ಯವನ್ನು ಎರಡು ಅಂಕದಿಂದ ಸೋತೆವು. ಬಾಗಿಲ ಬಳಿ ಪಟ್ಟಿ ಅಂಟಿಸಿದರು. ಹನ್ನೆರಡನೆಯ ಹೆಸರು ತೂಕಡಿಕೆಯದು.

ಜನ ಹೋದ ಮೇಲೂ ಅಣ್ಣ ಏಳಲಿಲ್ಲ. ಕೆಲಸದವರು ನೆಲ ಒರೆಸುವುದನ್ನು ನೋಡುತ್ತಿದ್ದ. ಅವತ್ತು ಬೆಳಗಿನತನಕ ಕಾದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕೊನೆಗೆ ನನ್ನ ಕಡೆ ತಿರುಗಿದ.

"ಒಂದು ಗಂಟೆ ತಡವಾಗಿ ಬಂದಿದ್ರೂ ಸಾಕಿತ್ತು. ಸೀಳಿದ್ದನ್ನೇ ಹೇಗಾದ್ರೂ ಕೂರಿಸ್ತಿದ್ದೆ. ನೀನೇನು ಒಂದು ಗಂಟೆ ಕಾಯ್ತಿರಲಿಲ್ವಾ?"

ಯಾರಿಗೂ ಹೇಳದ ಮಾತೊಂದು ನನ್ನಲ್ಲೂ ಇತ್ತು.

"ಇಲ್ಲಣ್ಣ," ಎಂದೆ. "ಫೋನ್ ಇಟ್ಟ ಮೇಲೆ ಧೈರ್ಯ ಸಾಲಲಿಲ್ಲ. ವಾಪಸ್ ಅವನ ಮನೆಗೆ ಹೋಗೋಕೆ ಟಿಕೆಟ್ ತಗೊಂಡಿದ್ದೆ. ನೀನು ಬಂದಾಗ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ."

ಅಣ್ಣ ಜೇಬಿನಿಂದ ಆ ಗ್ಲೌಸ್ ತೆಗೆದು, ಮಡಿಕೆ ಬಿಡಿಸಿ, ನನ್ನ ಕೈಯಲ್ಲಿಟ್ಟ. ಮುಂದಿನ ವಾರ ಸೀಸನ್ ಶುರು, ಪಕ್ಕದ ಸೀಟನ್ನು ಇಡೀ ವರ್ಷಕ್ಕೆ ಹಿಡಿದಿಡು ಎಂದ.